ಡಿಸೈರ್ ಡೀಸೆಲ್: ಟೈಮಿಂಗ್ ಚೈನ್ ಜತೆಗೆ ವಾಲ್ವ್ ಸ್ಪ್ರಿಂಗೂ ಹಾಕಿಸಬೇಕಾ?

ನಿಮ್ಮ 1.3 ಲೀಟರ್ ಡಿಸೈರ್ ಡೀಸೆಲ್ 1.8 ಲಕ್ಷ ಕಿ.ಮೀ. ಓಡಿದೆ, ದಿನಾ ಬಳ್ಳಾರಿ, ತೋರಣಗಲ್ಲು, ಸಂಡೂರು ತಿರುಗುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಗರಗರ ಸದ್ದು, ಗ್ಯಾರೇಜಿನವರು ಚೈನ್, ವಾಲ್ವ್ ಸ್ಪ್ರಿಂಗ್ ಎರಡೂ ಹಾಕಿಸಿ ಎನ್ನುತ್ತಾರೆ ಎಂದು ಕೇಳಿದ್ದೀರಿ. ಚೈನಿನ ಮಾತನ್ನು ಗಂಭೀರವಾಗಿ ತಗೊಳ್ಳಿ. ಸ್ಪ್ರಿಂಗಿಗೆ ಈಗಲೇ ಹೂಂ ಅನ್ನಬೇಡಿ.

ಕ್ರ್ಯಾಂಕ್ ತಿರುಗಿದ್ದಕ್ಕೆ ಸರಿಯಾಗಿ ವಾಲ್ವ್‌ಗಳು ತೆರೆದು ಮುಚ್ಚುವಂತೆ ಮಾಡುವುದು ಟೈಮಿಂಗ್ ಚೈನ್. ಇದಕ್ಕೆ ಟೈಮಿಂಗ್ ಬೆಲ್ಟಿನಂತೆ ಕಿ.ಮೀ. ಗಡುವಿಲ್ಲ. ಕೊಂಡಿಗಳ ಪಿನ್ನು, ಬುಶ್ ಸವೆದು ಒಟ್ಟು ಉದ್ದ ಹೆಚ್ಚುತ್ತದೆ. ಹಾಗೆ ಸವೆಸುವುದು ಮಸಿ ತುಂಬಿದ ಹಳೆ ಆಯಿಲ್, ಕಡಿಮೆ ಲೆವೆಲ್, ಏರ್ ಫಿಲ್ಟರಿನ ಸಂದಿಯಿಂದ ಒಳಹೊಕ್ಕ ಧೂಳು. ಅದಿರು ಲಾರಿಗಳ ಹಿಂದೆ ಓಡುವ ಗಾಡಿಗೆ 10,000 ಕಿ.ಮೀ. ಲೆಕ್ಕ ಬಿಡಿ, 5,000ಕ್ಕೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಬೇಸಿಗೆಯಲ್ಲಿ ಎಸಿ ಹಾಕಿ ಗಂಟೆಗಟ್ಟಲೆ ನಿಂತಲ್ಲೇ ಓಡಿಸಿದ್ದು ಮೀಟರಿನಲ್ಲಿ ಕಾಣುವುದಿಲ್ಲ, ಎಂಜಿನ್ನಿಗೆ ಮಾತ್ರ ಅದೂ ಓಟವೇ.

ಎಂಜಿನ್ ಬಿಚ್ಚುವ ಮೊದಲು ಒಳ್ಳೆಯ ಆಯಿಲ್ ಫಿಲ್ಟರ್ ಹಾಕಿ ನೋಡಿ. ಫಿಲ್ಟರ್ ಭಾಗದ ವಾಲ್ವ್ ಆಯಿಲ್ ಹಿಡಿದಿಡದಿದ್ದರೆ, ಆಯಿಲ್ ಒತ್ತಡದಿಂದ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ರಾತ್ರಿ ಖಾಲಿಯಾಗಿ, ಬೆಳಿಗ್ಗೆ ಎರಡು ಮೂರು ಸೆಕೆಂಡ್ ಇದೇ ಸದ್ದು ಬರುತ್ತದೆ. ಎಂಜಿನ್ ಬಿಸಿಯಾದ ಮೇಲೂ ಚೈನ್ ಕವರ್ ಕಡೆಯಿಂದ ಸದ್ದು ಬಂದರೆ, ಅಥವಾ ಸ್ಕ್ಯಾನರಿನಲ್ಲಿ ಪಿ0016 ಕೋಡ್ (ಕ್ರ್ಯಾಂಕ್, ಕ್ಯಾಮ್ ಹೊಂದಾಣಿಕೆ ತಪ್ಪಿದೆ ಎಂಬ ಸೂಚನೆ) ಬಂದರೆ ತಡ ಮಾಡಬೇಡಿ. ಚೈನ್ ಹಲ್ಲಿನಿಂದ ಜಾರಿದರೆ ವಾಲ್ವ್‌ಗಳು ಪಿಸ್ಟನ್ನಿಗೆ ಹೊಡೆಯುತ್ತವೆ. ಆಮೇಲೆ ಇಡೀ ಹೆಡ್ಡಿನ ಖರ್ಚು.

ಹಾಕಿಸುವುದಾದರೆ ಪೂರ್ತಿ ಕಿಟ್ ಹಾಕಿಸಿ: ಚೈನ್, ಎರಡೂ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ), ಟೆನ್ಷನರ್, ಗೈಡ್‌ಗಳು, ಕ್ರ್ಯಾಂಕ್ ಸೀಲ್. ಸವೆದ ಸ್ಪ್ರಾಕೆಟ್ ಹಲ್ಲು ಹೊಸ ಚೈನನ್ನೂ ಬೇಗ ತಿಂದುಹಾಕುತ್ತದೆ. ಮ್ಯಾನುಯಲ್ಲಿನಲ್ಲಿ ಬಿಗಿಯುವ ಟಾರ್ಕಿನ ಜತೆ ಮತ್ತೆ ಎಷ್ಟು ಡಿಗ್ರಿ ತಿರುಗಿಸಬೇಕೆಂದೂ ಹೇಳಿರುವ ಬೋಲ್ಟ್‌ಗಳನ್ನು ಹೊಸದೇ ಹಾಕಬೇಕು. ಕ್ರ್ಯಾಂಕ್, ಕ್ಯಾಮ್ ಅಲುಗದಂತೆ ಹಿಡಿಯುವ ಲಾಕಿಂಗ್ ಪಿನ್ ಇಲ್ಲದೆ ಬಣ್ಣದ ಗುರುತು ಹಾಕಿ ಟೈಮಿಂಗ್ ಕೂರಿಸುತ್ತೇವೆ ಎನ್ನುವ ಗ್ಯಾರೇಜಿಗೆ ಕೊಡಬೇಡಿ. ಸಂಪ್ (ಎಂಜಿನ್ ಕೆಳಗಿನ ಆಯಿಲ್ ತಟ್ಟೆ) ಇಳಿಸಿದಾಗ ಆಯಿಲ್ ಹೀರುವ ಪಿಕಪ್ ಜಾಲರಿ ತೊಳೆಸಿ. ಮತ್ತೆ ಕೂರಿಸುವಾಗ ಸೋರದಂತೆ ಹಚ್ಚುವ ಸಿಲಿಕಾನ್ ತೆಳುವಾಗಿರಲಿ. ಒಳಗೆ ಉಬ್ಬಿದ ಚೂರು ಕಿತ್ತು ಆ ಜಾಲರಿಯನ್ನೇ ಕಟ್ಟುತ್ತದೆ.

ಸ್ಪ್ರಿಂಗ್ ವಿಷಯ ಬೇರೆ. ವಾಲ್ವನ್ನು ಮುಚ್ಚುವ ಈ ಸ್ಪ್ರಿಂಗ್ ದಣಿದರೆ ಹೆಚ್ಚಿನ ಆರ್‌ಪಿಎಂನಲ್ಲಿ ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ. ನಿಮ್ಮ ಡೀಸೆಲ್ ಅಷ್ಟು ಮೇಲೆ ತಿರುಗುವುದೇ ಅಪರೂಪ. ಒಂದು ಸಿಲಿಂಡರ್ ಮಿಸ್ ಆಗುವುದು, ಅಲ್ಲಿ ಕಂಪ್ರೆಷನ್ ಕಡಿಮೆ, ಟಿಕ್ ಟಿಕ್ ಸದ್ದು, ಇವು ಒಟ್ಟಿಗೆ ಇದ್ದರೆ ಮುರಿದ ಸ್ಪ್ರಿಂಗಿನ ಅನುಮಾನ ಪಡಬಹುದು. ಇಲ್ಲದಿದ್ದರೆ ಬೇರೆ ಕಾರಣಕ್ಕೆ ಹೆಡ್ ಇಳಿದಾಗ ವರ್ನಿಯರಿನಲ್ಲಿ ಉದ್ದ ಅಳೆದು, ಮೂಲೆಮಟ್ಟಕ್ಕೆ ನಿಲ್ಲಿಸಿ ವಾಲಿದೆಯಾ ನೋಡಿ, ಮ್ಯಾನುಯಲ್ಲಿನ ಮಿತಿಗಿಂತ ಉದ್ದ ಕಡಿಮೆಯಿದ್ದರೆ ಅಥವಾ ವಾಲಿದ್ದು ಹೆಚ್ಚಿದ್ದರೆ ಮಾತ್ರ ಬದಲಿಸಿದರೆ ಸಾಕು. ತುಕ್ಕು ಚುಕ್ಕೆ ಕಂಡದ್ದನ್ನು ಅಳೆಯುವುದೂ ಬೇಡ, ಬಿಸಾಡಿ. ಒಂದು ಮುರಿದಿದ್ದರೆ 16ನ್ನೂ ಬದಲಿಸಿ, ಜತೆಗೆ ವಾಲ್ವ್ ಸೀಲ್ ಹೊಸದು.

ಜೋಡಣೆ ಮುಗಿದ ಮೇಲೆ ಎದುರಲ್ಲೇ ನಿಂತು ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಲು ಹೇಳಿ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲವಂತ ಬೇಡ, ಟೈಮಿಂಗ್ ತಪ್ಪಿದೆ. ಲಾಕಿಂಗ್ ಪಿನ್‌ಗಳು ಮತ್ತೆ ಸಲೀಸಾಗಿ ಕೂತರೆ, ಅವನ್ನು ತೆಗೆದು, ಇಂಜೆಕ್ಟರ್ ಕನೆಕ್ಟರ್ ಬಿಚ್ಚಿ, ಆಯಿಲ್ ಲೈಟ್ ಆರುವವರೆಗೆ ಸ್ವಲ್ಪ ಸ್ವಲ್ಪ ಹೊತ್ತು ಸೆಲ್ಫ್ ಹೊಡೆದು, ಆಮೇಲೆ ಸ್ಟಾರ್ಟ್ ಮಾಡಿಸಿ.