ಮೊದಲು ಬ್ಲೇಡು ಕೆಳಗಿಡಿ

ಪ್ರಶ್ನೆ: ಅಪ್ಪನ ಹಳೇ ಅಂಬಾಸಿಡರ್‌ಗೆ ಅಚ್ಚಿನಲ್ಲಿ ಒತ್ತಿದ ಹೊಸ ಕಾರ್ಪೆಟ್ ತರಿಸಿದೆ. ಮಡಚಿ ಡಬ್ಬಿಗೆ ತುರುಕಿ ಕಳಿಸಿದ್ದಾರೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತೆ. ತೂತು ಮಾಡಿ ಸೀಟಿನ ಬೋಲ್ಟ್ ಬಿಗಿದರೆ ತಾನೇ ಕೂರುತ್ತಾ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಕೂರಲ್ಲ ಸರ್. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಕುಶನ್ ಕೆಲಸ ಕಲಿಯುವಾಗ ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಗಾಡಿಗೆ ಎಲ್ಲಾ ತೂತು ಮೊದಲೇ ಕೊರೆದೆ. ಆಮೇಲೆ ಸುಕ್ಕು ಎಳೆದರೆ ಕಾರ್ಪೆಟ್ ಎರಡು ಬೆರಳು ಸರಿಯಿತು. ಅದು ಈಗಲೂ ನನ್ನ ಹೊಲಿಗೆ ಮಷಿನ್ ಕೆಳಗೆ ಕಾಲೊರಸಾಗಿ ಬಿದ್ದಿದೆ.

ಮೊದಲು ಬಿಸಿಲಿಗೆ ಹಾಕಿ. ನಿಮ್ಮ ದುರ್ಗದಲ್ಲಿ ಅದಕ್ಕೇನು ಬರವೇ? ಬೆಳಿಗ್ಗೆ ಹತ್ತಕ್ಕೆ ತಾರಸಿ ಮೇಲೆ ಹರಡಿ, ಮೂರು ನಾಲ್ಕು ಗಂಟೆ ಬಿಡಿ. ಅಷ್ಟರಲ್ಲಿ ಸೀಟು, ಬಾಗಿಲ ಪಟ್ಟಿ ಬಿಚ್ಚಿ ಗಾಡಿಯ ನೆಲದ ತಗಡು ನೋಡಿ. ತೇವ ಇದ್ದರೆ ಗ್ಲಾಸಿನ ರಬ್ಬರ್ ಸೋರುತ್ತಿರಬಹುದು. ತುಕ್ಕು ಇದ್ದರೆ ಟಿಂಕರಿಂಗ್ ಮುಗಿಸಿಯೇ ಮುಂದಿನ ಮಾತು. ಕೆಳಗೆ ಹಾಕೋ ಫೆಲ್ಟ್, ಅಂದರೆ ಒತ್ತಿದ ನಾರಿನ ಮೆತ್ತೆ, ದಪ್ಪ ಜಾಸ್ತಿಯಾದರೂ ಕಾರ್ಪೆಟ್ ಅಂಚಿಗೆ ಮುಟ್ಟಲ್ಲ, ಸುಮ್ನೆ ಎರಡೆರಡು ಪದರ ಹಾಕಬೇಡಿ.

ಇನ್ನು ಹಾಸುವುದು. ನಿಮ್ಮ ಗಾಡಿಯಲ್ಲಿ ಹಿಂದಿನ ಚಕ್ರಕ್ಕೆ ಶಾಫ್ಟ್ ಹೋಗುತ್ತಲ್ಲ, ಅದಕ್ಕೇ ನಡುವೆ ಆ ದಿಣ್ಣೆ. ಅಲ್ಲಿಂದಲೇ ಶುರು ಮಾಡಿ. ಬಾಗಿಲ ಕಡೆಯಿಂದ ಒತ್ತುತ್ತಾ ಬಂದರೆ ಸುಕ್ಕೆಲ್ಲ ನಡುವೆ ಬಂದು ಸೇರುತ್ತೆ, ನೀವು ಬಹುಶಃ ಹಾಗೇ ಮಾಡಿದ್ದೀರಿ. ದಿಣ್ಣೆ ಇಳಿದು ತಗಡಿಗೆ ಸೇರುವ ಮೂಲೆಯನ್ನು ಹೀಟ್ ಗನ್‌ನಿಂದ (ಬಿಸಿ ಗಾಳಿ ಊದುವ ಮಷಿನ್) ಒಂದು ಗೇಣು ದೂರದಲ್ಲಿ, ಕೈ ಆಡಿಸುತ್ತಾ ಕಾಯಿಸಿ. ಕಾದ ಮೇಲೆ ಗ್ಲೌಸ್ ಹಾಕಿದ ಕೈಯಲ್ಲಿ ಒತ್ತಿ, ಪೂರ್ತಿ ಆರುವ ತನಕ ಕೈ ತೆಗೆಯಬೇಡಿ. ಆರುವಾಗ ಯಾವ ಆಕಾರದಲ್ಲಿರುತ್ತೋ ಅದೇ ನಿಲ್ಲುತ್ತೆ. ಜನ ಕಾಯಿಸುತ್ತಾರೆ, ಆರಿಸೋಕೆ ತಾಳ್ಮೆ ಇರಲ್ಲ. ಇಸ್ತ್ರಿ ಪೆಟ್ಟಿಗೆ ಮಾತ್ರ ನೇರವಾಗಿ ಇಡಬೇಡಿ, ನೂಲು ಕರಗಿ ಹೊಳಪು ಕಲೆ ಬೀಳುತ್ತೆ. ರಾತ್ರಿ ಮೂಲೆಗಳ ಮೇಲೆ ಅಕ್ಕಿ ಚೀಲ ಹೇರಿ ಮಲಗಿ.

ಮರುದಿನ ತೂತು. ದಬ್ಬಣದಿಂದ ಚುಚ್ಚಿ ಬೋಲ್ಟ್ ಜಾಗ ಹುಡುಕಿ, ಸಿಕ್ಕಲ್ಲಿ ಬ್ಲೇಡಿನಿಂದ ಸಣ್ಣದಾಗಿ ಅಡ್ಡ ಒಂದು, ಉದ್ದ ಒಂದು ಸೀಳು. ಡ್ರಿಲ್ ಮಷಿನ್ ಬೇಡವೇ ಬೇಡ. ನೂಲು ಅದಕ್ಕೆ ಸುತ್ತಿಕೊಂಡು ಸಾಲಿಗೆ ಸಾಲೇ ಕಿತ್ತು ಬರುತ್ತೆ.

ಅಂಚು ಕತ್ತರಿಸುವುದು ಎಲ್ಲಾ ಮುಗಿದ ಮೇಲೆ, ಬಾಗಿಲ ಪಟ್ಟಿ ಕೆಳಗೆ ಎರಡು ಬೆರಳು ಉಳಿಸಿ. ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಆಕ್ಸಿಲರೇಟರ್ ಪೂರ್ತಿ ಒತ್ತಿ, ಕಾಲು ತೆಗೆದು ನೋಡಿ. ಕಾರ್ಪೆಟ್ಟಿಗೆ ಒಂಚೂರು ತಗುಲಿದರೂ ಅಲ್ಲಿ ಮತ್ತೆ ಕಾಯಿಸಿ, ಮತ್ತೆ ಒತ್ತಿ.