ಸರ್ಕಾರಿ ಕೆಲಸ ಅಳೆಯೋಕೆ ಯಾವ ದೇಶದ ಪದ್ಧತಿ ಒಳ್ಳೇದು?

ಸರ್ಕಾರಿ ಇಲಾಖೆಗಳ ಕೆಲಸವನ್ನು ಅಳೆಯೋಕೆ ಯಾವ ದೇಶದ ಪದ್ಧತಿ ಒಳ್ಳೆಯದು, ಎಲ್ಲರೂ ಅದನ್ನೇ ತಗೊಂಡರೆ ಆಗಲ್ವಾ ಅಂತ ಕೇಳಿದ್ದೀರಿ. ಗುರಿ, ಸಾಧನೆ, ಶೇಕಡಾ ಅಂತ ಮೂರು ಕಾಲಂ ಇರುವ ವರದಿಗಳನ್ನು ವರ್ಷಗಟ್ಟಲೆ ತಯಾರಿಸಿದವನು ನಾನು. ನನ್ನ ಪ್ರಕಾರ, ಯಾವ ಅಂಕಿ ಆರಿಸಿದರು ಅನ್ನೋದಕ್ಕಿಂತ, ಅಂಕಿ ಕಡಿಮೆ ಬಂದಾಗ ಏನು ಮಾಡುತ್ತಾರೆ ಅನ್ನೋದನ್ನು ಮೊದಲು ನೋಡಬೇಕು.

ಇಂಗ್ಲೆಂಡನ್ನೇ ತಗೊಳ್ಳಿ. 2001ರಿಂದ 2005ರವರೆಗೆ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಿಗೆ ಸೊನ್ನೆಯಿಂದ ಮೂರರವರೆಗೆ ಸ್ಟಾರ್ ಕೊಡುತ್ತಿದ್ದರು. ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತಿದ್ದರು. ಸೊನ್ನೆ ಬಂದರೆ ಮುಖ್ಯಸ್ಥರ ಕುರ್ಚಿಗೇ ಕುತ್ತು. ತುರ್ತು ಚಿಕಿತ್ಸೆಗೆ ಬಂದವರ ಕೆಲಸ 4 ಗಂಟೆಯೊಳಗೆ ಮುಗಿಯಬೇಕು ಅನ್ನೋದು ಒಂದು ಗುರಿ. ಆದರೆ ಗಡಿಯಾರ ಶುರುವಾಗೋದು ರೋಗಿ ಒಳಗೆ ಬಂದ ಮೇಲೆ. ಹಾಗಾಗಿ ಕೆಲವು ಕಡೆ ರೋಗಿಗಳನ್ನು ಬಾಗಿಲ ಹೊರಗೆ ಆಂಬುಲೆನ್ಸಿನಲ್ಲೇ ಮಲಗಿಸಿ ಕಾಯಿಸಿದರು. ಇದನ್ನು ಓದಿದಾಗ ನನಗೆ ತುಂಬಾ ಬೇಜಾರಾಗಿತ್ತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅನ್ಯಾಯ ಆಗುತ್ತೆ. ಪಕ್ಕದ ವೇಲ್ಸ್‌ನಲ್ಲಿ ಸ್ಟಾರೂ ಇರಲಿಲ್ಲ, ಆ ಭಯವೂ ಇರಲಿಲ್ಲ. ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಆಪರೇಷನ್‌ಗೆ ತುಂಬಾ ದಿನ ಕಾಯುವವರ ಸಂಖ್ಯೆ ಬೇಗ ಇಳಿಯಿತು, ವೇಲ್ಸ್‌ನಲ್ಲಿ ಅಷ್ಟು ಇಳಿಯಲಿಲ್ಲ. ಒತ್ತಡದಿಂದ ಕೆಲಸವೂ ಆಯಿತು, ಕಳ್ಳಲೆಕ್ಕವೂ ಬಂತು. ಎರಡೂ ನಿಜ.

ರುವಾಂಡಾದ್ದು ಇನ್ನೊಂದು ದಾರಿ. ಹಿಂದೆ ಅಲ್ಲಿನ ಯೋಧರು ಜನರ ಮುಂದೆ ಪಣ ತೊಡುತ್ತಿದ್ದರು. ಅದಕ್ಕೆ ‘ಇಮಿಹಿಗೊ’ ಅಂತ ಹೆಸರು. 2006ರಿಂದ ಜಿಲ್ಲೆಯ ಮೇಯರ್‌ಗಳು ಅದೇ ಹೆಸರಿನ ಒಪ್ಪಂದಕ್ಕೆ ಅಧ್ಯಕ್ಷರ ಜೊತೆ ಸಹಿ ಹಾಕುತ್ತಾರೆ. ಆಮೇಲೆ ಜಿಲ್ಲೆಗಳ ರ‍್ಯಾಂಕ್ ಬರುತ್ತದೆ. ತಮ್ಮದೇ ಸಂಪ್ರದಾಯ ಆದ್ದರಿಂದ ಜನರಿಗೆ ಅದು ಸುಲಭವಾಗಿ ಅರ್ಥವಾಗುತ್ತದೆ. ಆದರೆ ಮೇಲಿನ ಒತ್ತಡ ಜಾಸ್ತಿ. ಕೆಳಗಿನ ನೌಕರ ‘ಇದು ಆಗಲ್ಲ ಸಾರ್’ ಅನ್ನೋದು ಕಷ್ಟ.

ನ್ಯೂಜಿಲೆಂಡ್ 1988ರಲ್ಲಿ ಇಲಾಖೆಯ ಮುಖ್ಯಸ್ಥರನ್ನು ಒಪ್ಪಂದದ ಮೇಲೆ ನೇಮಿಸಿ, ಇಂತಿಷ್ಟು ಕೆಲಸ ಮಾಡಿಕೊಡಬೇಕು ಅಂತ ಕಟ್ಟಿಹಾಕಿತು. ಆಗ ಪ್ರತಿ ಇಲಾಖೆ ತನ್ನ ಪಾಲಿನದಷ್ಟೇ ನೋಡಿಕೊಂಡಿತು. 2012ರಲ್ಲಿ 10 ಗುರಿಗಳನ್ನು ಇಟ್ಟು, ಒಂದೊಂದಕ್ಕೂ ಹಲವು ಇಲಾಖೆಗಳನ್ನು ಒಟ್ಟಿಗೆ ಹೊಣೆ ಮಾಡಿದರು.

ನನಗೆ ಹೆಚ್ಚು ಹಿಡಿಸೋದು ಸ್ವೀಡನ್ ರೀತಿ. ಅಲ್ಲಿ 290 ನಗರಸಭೆಗಳ ಅಂಕಿ ಅಂಶ ‘ಕೊಲಾಡಾ’ ಅನ್ನುವ ಬಹಿರಂಗ ದತ್ತಾಂಶದಲ್ಲಿ ಸಿಗುತ್ತದೆ. ಯಾರು ಬೇಕಾದರೂ ನೋಡಬಹುದು. ನಮ್ಮಷ್ಟೇ ಜನ ಇರುವ ಇನ್ನೊಂದು ಊರಿನ ಶಾಲೆಗಳು ಹೇಗಿವೆ, ಅಲ್ಲಿ ಎಷ್ಟು ಖರ್ಚಾಗಿದೆ ಅಂತ ಹೋಲಿಸಿ, ಫೋನ್ ಮಾಡಿ ಕೇಳಬಹುದು. ಇದಕ್ಕೆ ಜನರ ನಂಬಿಕೆ, ಸರಿಯಾದ ದಾಖಲೆ ಎರಡೂ ಮೊದಲೇ ಇರಬೇಕು. ಎಲ್ಲ ಕಡೆ ಸುಮ್ನೆ ತಂದು ಕೂರಿಸೋಕೆ ಆಗಲ್ಲ.

ನೀವು ಗುರಿ ಹಾಕುವ ಜಾಗದಲ್ಲಿದ್ದರೆ ಒಂದು ಮಾತು. ಮೊದಲ ವರ್ಷ ಅಂಕಿಗೆ ಬಡ್ತಿಯನ್ನಾಗಲಿ ಶಿಕ್ಷೆಯನ್ನಾಗಲಿ ಕಟ್ಟಬೇಡಿ. ಗಡಿಯಾರ ಎಲ್ಲಿಂದ ಶುರು ಆಗಬೇಕು ಅಂತ ಕೌಂಟರಿನಲ್ಲಿ ಕೂತವರನ್ನೂ, ಹೊರಗೆ ಸಾಲಿನಲ್ಲಿ ನಿಂತವರನ್ನೂ ಕೇಳಿ ಬರೆದಿಡಿ.