ಕೊಡಗಿನಲ್ಲಿ ಕೂತು ಕೈಯಿಂದ ಅಚ್ಚು ಹಾಕಿದ ಚಿತ್ರಗಳನ್ನು ಮಾರಿ ಬದುಕಬಹುದಾ?

ನೀವು ಕೇಳಿದ್ದು ಇದು: ಕುಶಾಲನಗರದಲ್ಲಿ ಮನೆ, ಲಿನೊಕಟ್ (ಲಿನೊ ಅನ್ನುವ ಮೆತ್ತನೆಯ ಹಾಳೆಯಲ್ಲಿ ಚಿತ್ರ ಕೊರೆದು ಅಚ್ಚು ಹಾಕುವುದು) ಕಲಿತಿದ್ದೀರಿ, ಕೆಲಸ ಬಿಟ್ಟು ಇದನ್ನೇ ಮಾಡುವ ಆಸೆ. ಅಂಗಡಿಯಲ್ಲಿ 300 ರೂಪಾಯಿಗೆ ಪೋಸ್ಟರ್ ಸಿಗುವಾಗ 2000 ಕೊಟ್ಟು ನಿಮ್ಮ ಚಿತ್ರವನ್ನು ಯಾರು ತಗೋತಾರೆ ಅನ್ನೋ ಭಯ.

ನಾನು ಮಡಿಕೇರಿ ಹತ್ತಿರ ಇದೇ ಕೆಲಸ ಮಾಡುತ್ತೇನೆ. ತಗೊಳ್ಳುವವರು ಇದ್ದಾರೆ. ಆದರೆ ತಾವು ದುಡ್ಡು ಕೊಡುತ್ತಿರುವುದು ಯಾವುದಕ್ಕೆ ಅಂತ ಅವರಿಗೆ ಗೊತ್ತಾಗಬೇಕು. ಅದನ್ನು ತಿಳಿಸುವುದು ನಮ್ಮ ಕೆಲಸದಲ್ಲಿ ಅರ್ಧ. ಇನ್ನರ್ಧ ಇಲ್ಲಿಯ ಮಳೆಯ ಜೊತೆ ಹೊಂದಿಕೊಳ್ಳುವುದು. ಕೈಯಲ್ಲಿರುವ ಕೆಲಸವನ್ನು ಮಾತ್ರ ಈಗಲೇ ಬಿಡಬೇಡಿ.

ಹೆಚ್ಚಿನವರು ಎಲ್ಲೋ ಒಂದು ಅಸಲಿ ಚಿತ್ರ ಇದೆ, ಇದು ಅದರ ನಕಲು ಅಂದುಕೊಂಡಿರುತ್ತಾರೆ. ಅದಕ್ಕೆ ಕಾರಣವೂ ಇದೆ. ನಮ್ಮ ಹಳೇ ಮನೆಗಳ ಗೋಡೆಯಲ್ಲಿರುವ ಲಕ್ಷ್ಮಿ, ಸರಸ್ವತಿ ಪಟಗಳು ಬಂದಿದ್ದೇ ಹಾಗೆ. ರವಿವರ್ಮ ಬಣ್ಣದಲ್ಲಿ ಬರೆದ ಚಿತ್ರಗಳನ್ನು, 1894ರಲ್ಲಿ ಮುಂಬೈಯಲ್ಲಿ ಶುರುವಾದ ಅವರ ಪ್ರೆಸ್ಸು ಕಲ್ಲಚ್ಚಿನಲ್ಲಿ ಮನೆಮನೆಗೆ ತಲುಪಿಸಿತು. ಅಲ್ಲಿ ಅಸಲಿ ಬೇರೆ, ಅಚ್ಚು ಬೇರೆ. ಲಿನೊದಲ್ಲಿ ಹಾಗಲ್ಲ. ಕೊರೆದ ಹಾಳೆಗೆ ಇಂಕ್ ಹಚ್ಚಿ ಕಾಗದದ ಮೇಲೆ ಒತ್ತಿದಾಗ ಬರುವುದೇ ಅಸಲಿ. 25 ಪ್ರತಿ ತೆಗೆದರೆ ಇಪ್ಪತ್ತೈದೂ ಅಸಲಿ. ಬಂಗಾಳದ ಚಿತ್ತಪ್ರಸಾದ್ ಲಿನೊದಲ್ಲಿ, ಹರೇನ್ ದಾಸ್ ಮರದಲ್ಲಿ ಮಾಡಿದ ಕೆಲಸಗಳನ್ನು ಹುಡುಕಿ ನೋಡಿ. ಕಪ್ಪು ಬಿಳುಪಿನಲ್ಲೇ ಎಷ್ಟೆಲ್ಲ ಹೇಳಬಹುದು ಅಂತ ಗೊತ್ತಾಗುತ್ತದೆ.

ಇದನ್ನು ಬಾಯಲ್ಲಿ ವಿವರಿಸುವುದಕ್ಕಿಂತ ತೋರಿಸುವುದು ಸುಲಭ. ಮಾರುವ ಜಾಗಕ್ಕೆ ಕೊರೆದ ಲಿನೊ ಹಾಳೆಯನ್ನೂ ತಗೊಂಡು ಹೋಗಿ. ಜನ ಅದರ ಮೇಲೆ ಬೆರಳಾಡಿಸಲಿ. ಚಿತ್ರ ಎಡಬಲ ತಿರುವಿ ಕೊರೆದಿರುವುದನ್ನು ಮಕ್ಕಳು ತಕ್ಷಣ ಕಂಡುಹಿಡಿಯುತ್ತಾರೆ, ಆಮೇಲೆ ಅಪ್ಪ ಅಮ್ಮನನ್ನು ಕರೆದು ತೋರಿಸುತ್ತಾರೆ. ಸಾಧ್ಯವಾದರೆ ಬುಕ್‌ಮಾರ್ಕ್ ಅಳತೆಯ ಒಂದು ಅಚ್ಚನ್ನು ಅವರ ಕೈಯಿಂದಲೇ ಒತ್ತಿಸಿ. ಗಾಜಿನ ಮೇಲೆ ಇಂಕ್ ಹರಡುವಾಗ ರೋಲರ್ ಸದ್ದು ಮಾಡುತ್ತದೆ. ಇಂಕ್ ದಪ್ಪವಾದರೆ ಪಚಪಚ ಅನ್ನುತ್ತದೆ. ಹದವಾದಾಗ ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವ ಮುಂಚೆ ಬರುವಂಥ ಸಣ್ಣ ಚುರುಚುರು. ಆ ಹದದಲ್ಲಿ ಹಚ್ಚಿ, ಕಾಗದ ಇಟ್ಟು, ಮರದ ಸೌಟಿನ ಬೆನ್ನಿನಿಂದ ಉಜ್ಜಿ, ಒಂದು ಮೂಲೆ ಹಿಡಿದು ಮೆಲ್ಲಗೆ ಎತ್ತಿದಾಗ ಅವರ ಮುಖ ನೋಡಬೇಕು ನೀವು. ಅಷ್ಟಾದ ಮೇಲೆ ಪೋಸ್ಟರಿನ ಬೆಲೆಯ ಮಾತು ಎತ್ತುವವರು ತೀರಾ ಕಡಿಮೆ.

ಈಗ ಮಳೆ. ಯೂಟ್ಯೂಬಿನಲ್ಲಿ ಕಲಿಸುವವರು ಒಣ ಊರಿನವರು, ಅವರ ಲೆಕ್ಕ ನಮಗೆ ಆಗುವುದಿಲ್ಲ. ಎಣ್ಣೆಯ ಇಂಕ್ ಒಣಗುವುದು ನೀರು ಆರಿ ಅಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು. ಚಳಿ, ತೇವ ಇದ್ದಷ್ಟೂ ತಡ. ಜುಲೈಯಲ್ಲಿ ಬಟ್ಟೆಯೇ ಒಣಗದ ಊರಲ್ಲಿ ಇಂಕ್ ಒಣಗುತ್ತದಾ? ಜೊತೆಗೆ ಕಾಗದ ತೇವಕ್ಕೆ ಹಿಗ್ಗುತ್ತದೆ. ಒಂದೇ ಬಣ್ಣದ ಚಿತ್ರಕ್ಕೆ ಇದರಿಂದ ತೊಂದರೆ ಇಲ್ಲ. ಎರಡು ಮೂರು ಬಣ್ಣದ್ದಾದರೆ, ಇವತ್ತು ಒತ್ತಿದ ಹಸಿರಿಗೂ ಮುಂದಿನ ವಾರದ ಕಪ್ಪಿಗೂ ತಾಳೆಯಾಗುವುದಿಲ್ಲ. ಎಷ್ಟೇ ಸರಿಯಾಗಿ ಮೂಲೆ ಕೂಡಿಸಿದರೂ ಗೆರೆ ಜರುಗುತ್ತದೆ.

ಅದಕ್ಕೇ ನನ್ನ ಸಲಹೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊರೆಯಿರಿ, ಅಚ್ಚು ಹಾಕುವುದನ್ನು ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದ ಹೊತ್ತಿಗೆ ಇಟ್ಟುಕೊಳ್ಳಿ. ದಸರಾ ರಜೆಯಿಂದ ಬೇಸಿಗೆವರೆಗೆ ಪ್ರವಾಸಿಗರು ಬರುತ್ತಾರೆ, ಮಾರಾಟಕ್ಕೂ ಅದೇ ಕಾಲ. ಕೊರೆಯುವುದಕ್ಕೆ ಮಳೆಗಾಲ ಒಳ್ಳೆಯದು, ಎಲ್ಲಿಗೂ ಹೋಗುವ ಹಾಗಿರುವುದಿಲ್ಲವಲ್ಲ. ಆದರೆ ಲಿನೊ ಅಂದರೆ ಅಗಸೆ ಎಣ್ಣೆ, ಕಾರ್ಕ್ ಪುಡಿ, ಹಿಂದೆ ಸೆಣಬಿನ ಬಟ್ಟೆ. ಚಳಿಗೆ ಅದು ಗಟ್ಟಿಯಾಗಿ ಉಳಿ ಜಾರುತ್ತದೆ. ಒಲೆಯ ಹತ್ತಿರ ಸ್ವಲ್ಪ ಹೊತ್ತು ಇಟ್ಟು ಬೆಚ್ಚಗೆ ಮಾಡಿಕೊಳ್ಳಿ, ಬೆಣ್ಣೆಯಂತೆ ಕೊರೆಯಬಹುದು. ಲಿನೊ ಹಿಡಿದ ಕೈ ಯಾವಾಗಲೂ ಉಳಿಯ ಹಿಂದೆ ಇರಲಿ.

ಕಾಗದಕ್ಕೆ ತುಂಬಾ ದೂರ ಹೋಗಬೇಕಿಲ್ಲ. ಹುಬ್ಬಳ್ಳಿ ಹತ್ತಿರದ ತಾರಿಹಾಳದಲ್ಲಿ ಹತ್ತಿ ಬಟ್ಟೆಯಿಂದ ಒಳ್ಳೆಯ ಕೈಕಾಗದ ಮಾಡುತ್ತಾರೆ, ಪುದುಚೇರಿಯಲ್ಲೂ ಸಿಗುತ್ತದೆ. ಪ್ರೆಸ್ ಇಲ್ಲದೆ ಕೈಯಿಂದ ಉಜ್ಜುವುದಾದರೆ ತೆಳು, ನುಣುಪು ಕಾಗದ ತಗೊಳ್ಳಿ. 300 ಜಿಎಸ್‌ಎಂನಂಥ ದಪ್ಪ ಕಾಗದ ಕೈಯಿಂದ ಉಜ್ಜಿದರೆ ಭುಜ ನೋವು ಬರುತ್ತದೆ ಅಷ್ಟೆ, ಕಪ್ಪು ತುಂಬುವುದಿಲ್ಲ. ತಂದ ಕಾಗದವನ್ನು ಮುಚ್ಚಿದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಬೂಷ್ಟಿನ ಕಂದು ಚುಕ್ಕೆ ಒಮ್ಮೆ ಬಂದರೆ ಹೋಗುವುದಿಲ್ಲ.

ನಂಬರಿನ ವಿಷಯದಲ್ಲಿ ತುಂಬಾ ಕಟ್ಟುನಿಟ್ಟಾಗಿರಿ. ಎಷ್ಟು ಪ್ರತಿ ಅಂತ ಮೊದಲೇ ತೀರ್ಮಾನಿಸಿ. ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಎಡಕ್ಕೆ 3/25 (25ರಲ್ಲಿ ಮೂರನೆಯ ಪ್ರತಿ) ಅಂತ, ನಡುವೆ ಹೆಸರು, ಬಲಕ್ಕೆ ಸಹಿ. ಕಲಾವಿದರು ತಮಗೆ ಅಂತ ಇಟ್ಟುಕೊಳ್ಳುವ ಪ್ರತಿಗಳಿಗೆ ಎ.ಪಿ. (ಆರ್ಟಿಸ್ಟ್ಸ್ ಪ್ರೂಫ್) ಅಂತ ಬರೆಯುತ್ತಾರೆ, ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟು. 25 ಮುಗಿದ ಮೇಲೆ ಲಿನೊಗೆ ಅಡ್ಡ ಗೆರೆ ಕೊರೆದುಬಿಡಿ. ಚೆನ್ನಾಗಿ ಮಾರಿತು ಅಂತ ಇನ್ನೂ ಹತ್ತು ತೆಗೆಯುವುದು ಮೊದಲು ಕೊಂಡವರಿಗೆ ಮಾಡುವ ಮೋಸ. ಕಂಪ್ಯೂಟರ್ ಪ್ರಿಂಟರಿನಲ್ಲಿ ತೆಗೆದದ್ದನ್ನೂ ಮಾರುತ್ತೀರಾ? ಮಾರಿ, ತಪ್ಪೇನಿಲ್ಲ. ಆದರೆ ಬೇರೆ ಜಾಗದಲ್ಲಿಟ್ಟು, ಅದು ಏನು ಅಂತ ಚೀಟಿಯಲ್ಲಿ ಬರೆದು ಮಾರಿ.

ಬೆಲೆಗೆ ಬರೋಣ. ಒಂದು ಚಿತ್ರ ಕೊರೆಯಲು 20 ಗಂಟೆ ಹಿಡಿದು 25 ಪ್ರತಿ ತೆಗೆದರೆ ಒಂದೊಂದರ ಮೇಲೂ 48 ನಿಮಿಷದ ಕೊರೆತ ಬೀಳುತ್ತದೆ. ಅದಕ್ಕೆ ಒತ್ತುವ ಹೊತ್ತು, ಕಾಗದ, ಇಂಕ್, ಮೌಂಟ್ (ಚಿತ್ರದ ಸುತ್ತ ಕೂರಿಸುವ ರಟ್ಟು), ಪ್ಯಾಕಿಂಗ್, ಹಾಳಾದ ಪ್ರತಿಗಳು ಎಲ್ಲ ಸೇರಿಸಿ. ಅಂಗಡಿಯವರು ನೂರಕ್ಕೆ 40 ತಗೊಂಡರೆ, ನಿಮ್ಮ ಕೈಗೆ 1200 ಬರಬೇಕಾದರೆ ಬೆಲೆ 2000 ಇರಲೇಬೇಕು. ಮನೆಗೆ ಬಂದವರಿಗೂ ಅದೇ 2000. ಇಲ್ಲಿ ಕಡಿಮೆ ಮಾಡಿದರೆ ಅಂಗಡಿಯವರು ಇನ್ಮುಂದೆ ಇಟ್ಟುಕೊಳ್ಳುವುದಿಲ್ಲ. ಜಿಎಸ್‌ಟಿ ಬಗ್ಗೆ ಒಬ್ಬ ಆಡಿಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ.

ಎಲ್ಲಿ ಮಾರುವುದು? ಹೋಂಸ್ಟೇಗಳಿಂದ ಶುರು ಮಾಡಿ. ಕಕ್ಕಬ್ಬೆ, ವಿರಾಜಪೇಟೆ ಕಡೆಯ ಮನೆಗಳಲ್ಲಿ ಗೋಡೆ ಖಾಲಿ ಇರುತ್ತದೆ, ಅತಿಥಿಗಳಿಗೆ ನೋಡಲು ಸಮಯವೂ ಇರುತ್ತದೆ. ಜೊತೆಗೆ ಬ್ಯಾಗಿನಲ್ಲಿ ಹಿಡಿಯುವ ಸಣ್ಣ ಅಳತೆಯವೂ ಇರಲಿ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ಸಾಮಾನ್ಯವಾಗಿ ಜನವರಿಯಲ್ಲಿ ಚಿತ್ರಸಂತೆ ನಡೆಸುತ್ತದೆ, ಅದಕ್ಕೆ ಮೊದಲೇ ಅರ್ಜಿ ಹಾಕಬೇಕು. ಅಂಚೆಯಲ್ಲಿ ಕಳಿಸುವಾಗ ಚಿತ್ರ ಸುತ್ತಬೇಡಿ. ಎರಡು ಗಟ್ಟಿ ರಟ್ಟಿನ ನಡುವೆ ಚಪ್ಪಟೆಯಾಗಿಟ್ಟು ಪ್ಲಾಸ್ಟಿಕ್ ಹೊದಿಸಿ.

ಯಾವ ಚಿತ್ರ ಮಾಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಾಫಿ ಹಣ್ಣು, ಪೀಚೆಕತ್ತಿ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಕತ್ತಿ) ಎಲ್ಲ ಅಂಗಡಿಯಲ್ಲೂ ಇವೆ. ಕಾಫಿ ಹೂವರಳಿಸುವ ಹೂಮಳೆಯಾದ ಮೇಲೆ ತೋಟವೆಲ್ಲ ಬೆಳ್ಳಗಾಗುವುದನ್ನು ಕಪ್ಪು ಬಿಳುಪಿನಲ್ಲಿ ಮಾಡಿ ನೋಡಿ. ಸಿಲ್ವರ್ ಓಕ್ ಮೇಲೆ ಹತ್ತಿದ ಮೆಣಸಿನ ಬಳ್ಳಿ ಮಾಡಿ. ಯಾರದಾದರೂ ಐನ್‌ಮನೆ (ಕೊಡವ ಮನೆತನದ ಮೂಲ ಮನೆ) ಮಾಡುವುದಾದರೆ ಆ ಮನೆತನದವರನ್ನು ಕೇಳಿಯೇ ಮಾಡಿ, ಒಂದು ಪ್ರತಿ ಅವರಿಗೆ ಕೊಡಿ. ಬೇರೆಯವರ ಫೋಟೋ ನೋಡಿ ಕೊರೆಯುವುದಾದರೆ ಅವರ ಒಪ್ಪಿಗೆ ಬೇಕು.

ಫ್ರೇಮ್ ಹಾಕಿಸಿ ಕೊಡುವಾಗ ಗಾಜಿಗೂ ಕಾಗದಕ್ಕೂ ನಡುವೆ ಮೌಂಟ್ ಇರಲಿ, ಅಂಟಿಕೊಂಡರೆ ಬೂಷ್ಟು ಬರುತ್ತದೆ. ಹಿಂದೆ ನಾಲ್ಕೂ ಮೂಲೆಗೆ ಕಾರ್ಕಿನ ತುಂಡು ಅಂಟಿಸಿ. ಮಳೆಗಾಲದಲ್ಲಿ ನಮ್ಮ ಗೋಡೆಗಳು ತೇವ ಬಿಡುತ್ತವೆ, ನಡುವೆ ಗಾಳಿ ಆಡಬೇಕು. ಕೊಂಡವರಿಗೂ ಇದನ್ನು ಹೇಳಿ. ಮೊದಲ ಎಡಿಷನ್ ಒಂದೇ ಬಣ್ಣದಲ್ಲಿ, ಹದಿನೈದು ಇಪ್ಪತ್ತು ಪ್ರತಿ ಸಾಕು. ತೆಗೆದ ಮೇಲೆ ಫೋಟೋ ಹಾಕಿ, ಇಂಕ್ ಎಲ್ಲಿ ಜಾಸ್ತಿ ಕೂತಿದೆ, ಎಲ್ಲಿ ಸಾಲದು ಅಂತ ನೋಡಿ ಹೇಳುತ್ತೇನೆ.